ಹಂಡೆಯಿಂದ ಗೀಸರ್‌ವರೆಗೆ: ಕಾವಿಗೊಂದು ಕಾವಲು

ನವಲಗುಂದ, ಕುಂದಗೋಳದ ಹಳ್ಳಿಗಳ ಬಚ್ಚಲಲ್ಲಿ ಹತ್ತಿಕಟ್ಟಿಗೆ ಉರಿಸಿ ನೀರು ಕಾಯಿಸುವ ತಾಮ್ರದ ಹಂಡೆಯನ್ನು ನೀವು ನೋಡಿರಬಹುದು. ಉರಿ ಎಷ್ಟೇ ಹೆಚ್ಚಿದರೂ ಅದರ ನೀರು ಸುಮಾರು 100 ಡಿಗ್ರಿ ಸೆಲ್ಸಿಯಸ್ ದಾಟದು. ಹೆಚ್ಚುವರಿ ಶಾಖವು ಆವಿಯೊಡನೆ ಹೊರಹೋಗುತ್ತದೆ. ತೆರೆದ ಬಾಯಿಯೇ ಹಂಡೆಯ ಸುರಕ್ಷಾ ಕವಾಟ.

ಬಿಗಿಯಾಗಿ ಮುಚ್ಚಿದ ಪಾತ್ರೆಯ ಕಥೆ ಬೇರೆ. ಅಲ್ಲಿ ಒತ್ತಡ ಏರಿದಂತೆ ಕುದಿಬಿಂದುವೂ ಏರುತ್ತದೆ. ಇದನ್ನರಿತ ಫ್ರಾನ್ಸಿನ ಡೆನಿಸ್ ಪಾಪಿನ್ 17ನೇ ಶತಮಾನದಲ್ಲಿಯೇ ತನ್ನ ಒತ್ತಡದ ಪಾತ್ರೆಗೆ ಸುರಕ್ಷಾ ಕವಾಟ ಜೋಡಿಸಿದ. 1830ರಲ್ಲಿ ಸ್ಕಾಟ್ಲೆಂಡಿನ ಆಂಡ್ರ್ಯೂ ಯೂರ್, ಕಾದಾಗ ಬಾಗುವ ದ್ವಿಲೋಹ ಪಟ್ಟಿಯ ಥರ್ಮೋಸ್ಟಾಟ್‌ಗೆ ಪೇಟೆಂಟ್ ಪಡೆದ. 1889ರಲ್ಲಿ ಅಮೆರಿಕದಲ್ಲಿ ಎಡ್ವಿನ್ ರೂಡ್ ಸ್ವಯಂಚಾಲಿತ ನೀರುಕಾಯಕವನ್ನು ರೂಪಿಸಿದ.

ಇಂದಿನ ವಿದ್ಯುತ್ ಗೀಸರ್‌ಗೆ ಮೂರು ಕಾವಲು: ಥರ್ಮೋಸ್ಟಾಟ್, ಅದು ಸೋತಾಗ ವಿದ್ಯುತ್ ಕಡಿಯುವ ಉಷ್ಣ ಕಡಿತಕ ಮತ್ತು ಕೊನೆಯದಾಗಿ ಸುರಕ್ಷಾ ಕವಾಟ. ನಲ್ಲಿಯಲ್ಲಿ ಆವಿ ಬಂದರೆ ಮೊದಲೆರಡೂ ಸೋತಿವೆ ಎಂದೇ ತಿಳಿಯಬೇಕು. ಥರ್ಮೋಸ್ಟಾಟ್‌ನ ಸಂಪರ್ಕ ಬಿಂದುಗಳು ಬೆಸೆದುಕೊಂಡಿರಬಹುದು. ಗಡಸು ನೀರಿನ ಸುಣ್ಣದ ಪದರವು ಕವಾಟವನ್ನೂ ಕಟ್ಟಿಬಿಡಬಲ್ಲದು. ಕೂಡಲೇ ಮೇನ್ ಸ್ವಿಚ್ ಆರಿಸಿ, ತಣಿಯಲು ಬಿಟ್ಟು, ಬಲ್ಲವರಿಂದ ಪರೀಕ್ಷಿಸಿ. ಪದೇ ಪದೇ ಕೆಲಸ ನಿಲ್ಲಿಸುತ್ತದೆಂದು ಕಡಿತಕವನ್ನು ತಪ್ಪಿಸಿ ತಂತಿ ಜೋಡಿಸುವುದೆಂದರೆ, ಉರಿಯುವ ಒಲೆಯ ಮೇಲಿನ ಹಂಡೆಯ ಬಾಯಿಗೆ ಬೆಣೆ ಹೊಡೆದಂತೆ.