ರಾಟವಾಳದಿಂದ ಬೀಪ್ ಡಬ್ಬಿಯವರೆಗೆ: ಬಚ್ಚಲುಮನೆಯ ಒಂದು ಚರಿತ್ರೆ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳೇ ಮನೆಗಳನ್ನು ನೋಡಿದವರಿಗೆ ನೀರೊಲೆ ಗೊತ್ತಿರುತ್ತೆ. ಹಿತ್ತಲ ಕಡೆ ಒಂದು ಬಚ್ಚಲು, ಗೋಡೆಗೆ ಸೇರಿಸಿ ಕಟ್ಟಿದ ಒಲೆ, ಅದರ ಮೇಲೆ ಅಜ್ಜಂದಿರ ಕಾಲದ ತಾಮ್ರದ ಹಂಡೆ. ಉರಿಗೆ ಇಂಥದ್ದೇ ಬೇಕು ಅಂತೇನಿಲ್ಲ.. ತೆಂಗಿನ ಗರಿ, ಕರಟ, ಸೌದೆ ಚಕ್ಕೆ, ಆಲೆಮನೆಯಿಂದ ಹೊತ್ತು ತಂದ ಒಣಗಿದ ಕಬ್ಬಿನ ರಚ್ಚು, ಯಾವುದಾದರೂ ಸರಿ. ಹೊಗೆ ಅಂದ್ರೆ ಹೊಗೆ! ಕಣ್ಣುರಿ, ಕೆಮ್ಮು, ಮಸಿ ಹಿಡಿದ ತೊಲೆ. ಆ ಹೊಗೆಯನ್ನು ಬೈಯದ ಅಜ್ಜಿ ನಮ್ಮ ಸೀಮೆಯಲ್ಲಿ ಇರಲಾರರು. ಇವತ್ತು ಆ ಹೊಗೆಯ ಪರವಾಗಿ ಎರಡು ಮಾತು ಬರೆಯೋಣ ಅನ್ನಿಸಿದೆ. (ಬೈಯುವವರು ಕೊನೇ ತನಕ ಓದಿ ಆಮೇಲೆ ಬೈಯಿರಿ :) )

ವಿಷಯ ಇಷ್ಟೇ. ಸೌದೆ, ಇದ್ದಿಲು, ಗ್ಯಾಸು, ಪೆಟ್ರೋಲು.. ಇಂಗಾಲ ಇರುವ ಯಾವುದೇ ವಸ್ತು ಸಾಕಷ್ಟು ಗಾಳಿ ಸಿಗದೆ ಅರೆಬರೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ, ಮೂಗು ಕಣ್ಣು ಉರಿಸುವುದೂ ಇಲ್ಲ. ನಮ್ಮ ನೀರೊಲೆಯಲ್ಲೂ ಅದು ಧಾರಾಳವಾಗಿ ಹುಟ್ಟುತ್ತಿತ್ತು. ಆದರೆ ಅದರ ಜೊತೆಗೇ ಹೊಗೆಯೂ ಹುಟ್ಟುತ್ತಿತ್ತು, ಮತ್ತು ಆ ಹೊಗೆ ಮನುಷ್ಯನನ್ನು ಅಲ್ಲಿ ಕೂರಲು ಬಿಡುತ್ತಿರಲಿಲ್ಲ. ಮೇಲೆ ನಾಡಹೆಂಚಿನ ಸಂದುಗಳು, ಬೆಳಕಿಂಡಿ, ಸರಿಯಾಗಿ ಮುಚ್ಚದ ಬಾಗಿಲು ಬೇರೆ. ಅಂದರೆ ಹೊಗೆಯೇ ಆಗಿನ ಅಲಾರಂ. ನಾವು ಹೊಗೆಯನ್ನು ಓಡಿಸಿದೆವು (ಒಳ್ಳೇದೇ ಮಾಡಿದೆವು), ಆದರೆ ಅದು ಮಾಡುತ್ತಿದ್ದ ಕಾವಲು ಕೆಲಸಕ್ಕೆ ಬೇರೆ ಯಾರನ್ನೂ ನೇಮಿಸಲಿಲ್ಲ.

ಈ ಕಾವಲುಗಾರನ ಹುಡುಕಾಟಕ್ಕೆ ಒಂದು ದೊಡ್ಡ ಚರಿತ್ರೆ ಇದೆ. ಅದು ಶುರುವಾಗೋದು ಗಣಿಗಳಲ್ಲಿ.

1850ರ ದಶಕದಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಈ ಅನಿಲ ಕೊಲ್ಲುವ ಬಗೆಯನ್ನು ತೋರಿಸಿಕೊಟ್ಟ. ರಕ್ತದಲ್ಲಿರುವ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತೊಯ್ಯುವ ಕೂಲಿ ಅಂದುಕೊಳ್ಳಿ. ಕಾರ್ಬನ್ ಮೊನಾಕ್ಸೈಡ್ ಅದಕ್ಕೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತೆ. ಕೂಲಿಯ ಕೈ ಖಾಲಿ ಇಲ್ಲ, ಹಾಗಾಗಿ ಸುತ್ತಲೂ ಗಾಳಿ ಇದ್ದರೂ ದೇಹ ಒಳಗೊಳಗೇ ಉಸಿರುಗಟ್ಟುತ್ತೆ.

1896ರ ಜನವರಿಯಲ್ಲಿ ವೇಲ್ಸ್‌ನ ಟೈಲರ್ಸ್‌ಟೌನ್ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟವಾಗಿ 57 ಜನ ಸತ್ತರು. ಅಲ್ಲಿಗೆ ಹೋದ ಜಾನ್ ಸ್ಕಾಟ್ ಹಾಲ್ಡೇನ್ ಎಂಬ ವಿಜ್ಞಾನಿ ಹೆಣಗಳನ್ನು ಪರೀಕ್ಷಿಸಿ ಹೇಳಿದ್ದು: ಬಹುಪಾಲು ಜನ ಸತ್ತದ್ದು ಸ್ಫೋಟದ ಹೊಡೆತಕ್ಕಲ್ಲ, ಆಮೇಲೆ ಹರಡಿದ ಕಾರ್ಬನ್ ಮೊನಾಕ್ಸೈಡ್‌ಗೆ. ಈ ಪುಣ್ಯಾತ್ಮ ಅದಕ್ಕೂ ಮುಂಚೆಯೇ ತನ್ನ ಪ್ರಯೋಗಾಲಯದಲ್ಲಿ ಕೂತು ಆ ವಿಷಾನಿಲವನ್ನು ತಾನೇ ಸೇವಿಸಿ, ತನ್ನ ರಕ್ತದ ಅರ್ಧಕ್ಕೂ ಹೆಚ್ಚು ಭಾಗ ಅದರಿಂದ ತುಂಬುವವರೆಗೆ ಏನೇನಾಗುತ್ತೆ ಅಂತ ಬರೆದಿಟ್ಟು, 1895ರಲ್ಲಿ ಪ್ರಕಟಿಸಿದ್ದ! (ಇವರ ಮಗನೇ ಜೆ.ಬಿ.ಎಸ್. ಹಾಲ್ಡೇನ್. 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡವರು.)

ಪುಟ್ಟ ಪ್ರಾಣಿಗಳು ಮನುಷ್ಯನಿಗಿಂತ ಎಷ್ಟೋ ಬೇಗ ಈ ಅನಿಲಕ್ಕೆ ಸೋಲುತ್ತವೆ ಅನ್ನುವುದನ್ನು ಹಾಲ್ಡೇನ್ ಗಮನಿಸಿದ್ದ. ಅವುಗಳ ಉಸಿರಾಟ ಚುರುಕು, ರಕ್ತ ಬೇಗ ತುಂಬುತ್ತೆ. ಹಾಗಾಗಿ ಗಣಿಗೆ ಇಳಿಯುವಾಗ ಇಲಿಯನ್ನೋ ಸಣ್ಣ ಹಕ್ಕಿಯನ್ನೋ ಜೊತೆಗೆ ಒಯ್ಯಿರಿ ಅಂದ. ಹಕ್ಕಿಯೇ ಮೇಲು, ಯಾಕೆಂದರೆ ಅದು ಕಡ್ಡಿಯಿಂದ ಉರುಳಿ ಬಿದ್ದರೆ ದೀಪದ ಮಂದ ಬೆಳಕಲ್ಲೂ ಕಾಣುತ್ತೆ. 1911ರಿಂದ ಬ್ರಿಟನ್ನಿನ ಗಣಿ ರಕ್ಷಣಾ ತಂಡಗಳಿಗೆ ಕ್ಯಾನರಿ ಹಕ್ಕಿ ಕಡ್ಡಾಯವಾಯ್ತು. ಅಲ್ಲಿಯ ಗಣಿಗಳು ಕ್ಯಾನರಿಗಳನ್ನು ಬಿಟ್ಟು ಎಲೆಕ್ಟ್ರಾನಿಕ್ ಯಂತ್ರಗಳಿಗೆ ಬದಲಾಗಲು ನಿರ್ಧರಿಸಿದ್ದು 1986ರಲ್ಲಿ. ಒಂದು ಸಣ್ಣ ಸಂಗತಿ ನನಗೆ ತುಂಬಾ ಇಷ್ಟ. ಕೆಲವು ಪಂಜರಗಳ ಮೇಲೇ ಪುಟ್ಟ ಆಮ್ಲಜನಕದ ಸಿಲಿಂಡರ್ ಇರುತ್ತಿತ್ತು. ಹಕ್ಕಿ ಬಿದ್ದ ಕೂಡಲೇ ಪಂಜರದ ಬಾಗಿಲು ಮುಚ್ಚಿ, ಆಮ್ಲಜನಕ ಬಿಟ್ಟು ಅದನ್ನು ಬದುಕಿಸುತ್ತಿದ್ದರು.

ನಮ್ಮ ದೇಶದ ಕಲ್ಲಿದ್ದಲ ಗಣಿಗಳಲ್ಲಿ ಕ್ಯಾನರಿಯ ಕೆಲಸಕ್ಕೆ ಬಂದದ್ದು ಮುನಿಯಾ ಹಕ್ಕಿ. ಕನ್ನಡದಲ್ಲಿ ರಾಟವಾಳ ಅಂತಾರಲ್ಲ, ಅದೇ! ವಿ.ಸಿ. ನಾಲೆ ಬಯಲಲ್ಲಿ ಭತ್ತ ಹಾಲುಗಟ್ಟುವ ಹೊತ್ತಿಗೆ ಗುಂಪುಗುಂಪಾಗಿ ತೆನೆಗೆ ಎರಗುವ, ನಾವು ತಮಟೆ ಬಡಿದು ಓಡಿಸುವ ಗುಬ್ಬಿಗಾತ್ರದ ಆ ಹಕ್ಕಿಯ ಜಾತಿ ಎಷ್ಟು ಜನರ ಪ್ರಾಣ ಕಾದಿದೆಯೋ!

ಗಣಿ ಅಂದಮೇಲೆ ಕೋಲಾರ ಬರಲೇಬೇಕು, ಕೋಲಾರ ಬಂದಮೇಲೆ ಮಳವಳ್ಳಿ ಬರಲೇಬೇಕು. 1902ರ ಜೂನ್ 30ರಂದು ಮಳವಳ್ಳಿ ತಾಲೂಕಿನ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟು ಹರಿಯಿತು. ಸುಮಾರು 147 ಕಿಲೋಮೀಟರ್, ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ವಿದ್ಯುತ್ ಲೈನುಗಳಲ್ಲಿ ಒಂದು. ಅದುವರೆಗೆ ಉಗಿಯಂತ್ರಗಳ ಒಲೆಯಲ್ಲಿ ಇಂಧನ ಸುಡುತ್ತಿದ್ದ ಗಣಿಗೆ ನಮ್ಮ ಕಾವೇರಿ ನೀರು ಬೆಂಕಿಯಿಲ್ಲದ ಶಕ್ತಿ ಕೊಟ್ಟಿತು. ಸುರಕ್ಷತೆಯ ಮೊದಲ ಪಾಠ ಇದೇ ಅಂತ ನನಗನ್ನಿಸುತ್ತೆ: ಉಸಿರಾಡುವ ಜಾಗದಿಂದ ಬೆಂಕಿಯನ್ನೇ ಹೊರಗೆ ಹಾಕು. ಹಕ್ಕಿ, ಯಂತ್ರ, ಬೀಪ್ ಎಲ್ಲಾ ಎರಡನೆಯ ಪಾಠ. ತಮಾಷೆ ಅಂದ್ರೆ, ಗಣಿಯ ಒಲೆ ಆರಿಸಿದ ಸೀಮೆಯಲ್ಲಿ ನಾವು ನೂರು ವರ್ಷ ಕಳೆದ ಮೇಲೆ ಬೆಂಕಿಯನ್ನು ಹಿತ್ತಲಿಂದ ಎತ್ತಿ ಮನೆಯ ನಟ್ಟನಡುವಿನ ಅಟ್ಯಾಚ್ಡ್ ಬಾತ್‌ರೂಮಿಗೆ ತಂದೆವು. ಅದೇ ಗ್ಯಾಸ್ ಗೀಸರ್.

ಇಂಜಿನಿಯರಿಂಗ್ ಓದಿದ ತಪ್ಪಿಗೆ ಒಂದು ಲೆಕ್ಕ ಹಾಕ್ತೀನಿ, ಸಹಿಸಿಕೊಳ್ಳಿ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿ ಬಿಸಿ ಮಾಡುವ ಗೀಸರ್ ಗಂಟೆಗೆ ಹೆಚ್ಚುಕಡಿಮೆ 1 ಕೆಜಿ ಗ್ಯಾಸ್ ಸುಡುತ್ತೆ. 1 ಕೆಜಿ ಗ್ಯಾಸ್ ಪೂರ್ತಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ಹದಿನೈದು ನಿಮಿಷದ ಸ್ನಾನಕ್ಕೆ 3 ಘನ ಮೀಟರ್. ಸಾಧಾರಣ ಬಚ್ಚಲಿನ ಒಟ್ಟು ಗಾಳಿ ಎಷ್ಟು? ಒಂದೂವರೆ ಮೀಟರ್ ಅಗಲ, ಎರಡು ಉದ್ದ, ಎರಡೂವರೆ ಎತ್ತರ ಅಂದ್ರೂ ಏಳೂವರೆ ಘನ ಮೀಟರ್. ಚಳಿ ಅಂತ ಕಿಂಡಿ ಮುಚ್ಚಿದ್ದರೆ ಅಲ್ಲಿಯ ಆಮ್ಲಜನಕ ಇಳಿಯುತ್ತಾ ಹೋಗುತ್ತೆ, ಉರಿ ಅರೆಬರೆಯಾಗುತ್ತೆ, ಕಾರ್ಬನ್ ಮೊನಾಕ್ಸೈಡ್ ಏರುತ್ತೆ. ಮೊದಲು ತಲೆನೋವು, ತಲೆಸುತ್ತು, ಆಮೇಲೆ ಕಾಲಲ್ಲಿ ಬಲ ಇರಲ್ಲ. ಚಿಲಕ ಕೈಗೆ ಎಟುಕುವಷ್ಟು ದೂರದಲ್ಲೇ ಇರುತ್ತೆ, ತೆಗೆಯೋಕೆ ಆಗಲ್ಲ.

ಇದು ಬರೀ ಲೆಕ್ಕ ಅಲ್ಲ. 2025ರ ಅಕ್ಟೋಬರಿನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಸ್ನಾನಕ್ಕೆ ಹೋದ ಅಕ್ಕತಂಗಿ ಇಬ್ಬರೂ ಗ್ಯಾಸ್ ಗೀಸರಿನಿಂದಾಗಿ ಸತ್ತರು. ಮುಂದಿನ ತಿಂಗಳೇ ಬೆಳಗಾವಿಯಲ್ಲಿ ಮುಚ್ಚಿದ ಕೋಣೆಯೊಳಗೆ ಇದ್ದಿಲು ಹೊತ್ತಿಸಿ ಮಲಗಿದ ಮೂವರು ಯುವಕರು ಬೆಳಗಿಗೆ ಏಳಲಿಲ್ಲ. ಇದ್ದಿಲು ಅಂದ ಕೂಡಲೇ ನನಗೆ ನೆನಪಾಗೋದು ನಮ್ಮ ಕಡೆಯ ಬಾಣಂತಿ ಕೋಣೆ. ಗಾಳಿ ತಗುಲಬಾರದು ಅಂತ ಕಿಟಕಿ ಮುಚ್ಚಿ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಸಾಂಬ್ರಾಣಿ. ಹಳೇ ಹೆಂಚಿನ ಮನೆಯಲ್ಲಿ ಅದಕ್ಕೆ ಹೊರದಾರಿ ಇತ್ತು. ಆರ್‌ಸಿಸಿ ತಾರಸಿ, ಗಾಜಿನ ಕಿಟಕಿಯ ಮನೆಯಲ್ಲಿ ಇಲ್ಲ. ಕೆಂಡದಲ್ಲಿ ಹೊಗೆ ಕಾಣಲ್ಲ ಅನ್ನೋದೇ ಅದರ ಮೋಸ. ಹಸುಗೂಸಿನ ಉಸಿರಾಟವೂ ರಾಟವಾಳದ ಹಾಗೇ ಚುರುಕು, ಯೋಚಿಸಿ.

ಹಾಗಾದರೆ ಹಕ್ಕಿಯ ಜಾಗಕ್ಕೆ ಡಬ್ಬಿ ಬಂದದ್ದು ಹೇಗೆ? 1962ರಲ್ಲಿ ಜಪಾನಿನ ನವೋಯೋಶಿ ಟಾಗುಚಿ, ಬಿಸಿ ಮಾಡಿದ ತವರದ ಆಕ್ಸೈಡು ಅನಿಲ ತಾಗಿದಾಗ ವಿದ್ಯುತ್ತನ್ನು ಬೇರೆ ರೀತಿ ಹರಿಯಬಿಡುತ್ತೆ ಅನ್ನುವುದನ್ನು ಬಳಸಿ ಸೆನ್ಸರ್ ಮಾಡಿದರು. ಆಮೇಲೆ ಬಂದವು ಎಲೆಕ್ಟ್ರೋಕೆಮಿಕಲ್ ಸೆನ್ಸರುಗಳು. ಇವು ಒಂಥರಾ ಪುಟ್ಟ ಬ್ಯಾಟರಿ. ಕಾರ್ಬನ್ ಮೊನಾಕ್ಸೈಡ್ ಒಳಗೆ ಬಂದಷ್ಟೂ ಕರೆಂಟ್ ಹುಟ್ಟುತ್ತೆ. ಇವತ್ತು ಮನೆಗೆ ಮಾರುವ ಡಬ್ಬಿಗಳಲ್ಲಿ ಹೆಚ್ಚಾಗಿ ಇರೋದು ಇದೇ.

1994ರ ಅಕ್ಟೋಬರಿನಲ್ಲಿ ಅಮೆರಿಕದ ಶಿಕಾಗೋ ನಗರ ಮನೆಗಳಲ್ಲಿ ಈ ಡಬ್ಬಿಯನ್ನು ಕಡ್ಡಾಯ ಮಾಡಿತು. ಅದೇ ಡಿಸೆಂಬರಿನ ಒಂದು ದಿನ ತಣ್ಣನೆಯ ಗಾಳಿ ನೆಲಮಟ್ಟದಲ್ಲೇ ನಿಂತು ವಾಹನಗಳ ಹೊಗೆ ಊರ ಮೇಲೇ ಕೂತಾಗ ಡಬ್ಬಿಗಳೆಲ್ಲ ಕಿರುಚತೊಡಗಿದವು. ಅಗ್ನಿಶಾಮಕದವರಿಗೆ ಒಂದೇ ದಿನದಲ್ಲಿ ಸಾವಿರಕ್ಕೂ ಹೆಚ್ಚು ಕರೆ! ಸುಮ್ಮನೆ ಕೂಗುವ ಅಲಾರಂ ಅಂದ್ರೆ 'ತೋಳ ಬಂತು ತೋಳ' ಕಥೆಯೇ. ಎಲ್ಲರೂ ಬ್ಯಾಟರಿ ಕಿತ್ತು ಹಾಕ್ತಾರೆ. ಆಮೇಲೆ ಮಾನದಂಡವನ್ನು ತಿದ್ದಿದರು. ಈಗ ಅಮೆರಿಕದ ಮಾನದಂಡದ ಪ್ರಕಾರ ಗಾಳಿಯ ದಶಲಕ್ಷ ಭಾಗದಲ್ಲಿ 70 ಭಾಗ (70 ಪಿಪಿಎಂ) ಇದ್ದರೆ 1ರಿಂದ 4 ಗಂಟೆಯೊಳಗೆ, 150 ಇದ್ದರೆ 10ರಿಂದ 50 ನಿಮಿಷದೊಳಗೆ, 400 ಇದ್ದರೆ 4ರಿಂದ 15 ನಿಮಿಷದೊಳಗೆ ಕೂಗಬೇಕು. ಎಷ್ಟು ಅನಿಲ ಅನ್ನೋದರ ಜೊತೆ ಎಷ್ಟು ಹೊತ್ತು ಅನ್ನೋದೂ ಲೆಕ್ಕ. ಹಾಲ್ಡೇನ್ ತನ್ನ ಮೇಲೇ ಪ್ರಯೋಗಿಸಿ ಕಂಡುಕೊಂಡದ್ದೂ ಇದನ್ನೇ ಅಲ್ವಾ!

ಇಷ್ಟೆಲ್ಲ ಚರಿತ್ರೆ ಕೊರೆದದ್ದು ಯಾಕೆಂದರೆ, ಈ ಡಬ್ಬಿಯನ್ನು ತಂದು ಗೋಡೆಗೆ ಹಾಕುವ ಮುಂಚೆ ಅದು ಏನಲ್ಲ ಅನ್ನೋದು ಗೊತ್ತಿರಬೇಕು.

ಅದು ಗ್ಯಾಸ್ ಲೀಕ್ ಡಿಟೆಕ್ಟರ್ ಅಲ್ಲ. ಅಡುಗೆಮನೆಗೆ ಅಂತ ಮಾರುವ ಎಲ್‌ಪಿಜಿ ಡಿಟೆಕ್ಟರ್ ಸುಡದೆ ಸೋರಿದ ಗ್ಯಾಸನ್ನು ಹಿಡಿಯುತ್ತೆ. ಆ ಗ್ಯಾಸ್ ಗಾಳಿಗಿಂತ ಭಾರ, ಅದಕ್ಕೆ ಅದನ್ನು ನೆಲದ ಹತ್ತಿರ ಹಾಕ್ತಾರೆ. ಕಾರ್ಬನ್ ಮೊನಾಕ್ಸೈಡ್ ತೂಕದಲ್ಲಿ ಹೆಚ್ಚುಕಡಿಮೆ ಗಾಳಿಯಷ್ಟೇ. ಅದರ ಡಬ್ಬಿಯನ್ನು ಉಸಿರಾಡುವ ಎತ್ತರದಲ್ಲಿ, ಮಲಗುವ ಕೋಣೆಯ ಹತ್ತಿರ, ನಿದ್ದೆಯಲ್ಲೂ ಕೇಳಿಸುವ ಹಾಗೆ ಹಾಕಬೇಕು. ಪರದೆಯ ಹಿಂದೆ ಬೇಡ, ಕಿಟಕಿಯ ಪಕ್ಕ ಬೇಡ, ಒಲೆಯ ಮಗ್ಗುಲಲ್ಲೂ ಬೇಡ.

ಎರಡನೇದು, ಗ್ಯಾಸ್ ಗೀಸರನ್ನು ಬಚ್ಚಲೊಳಗೆ ಇಡಲು ಅದು ಪರವಾನಗಿ ಅಲ್ಲ. ಬಚ್ಚಲಿನ ಹಬೆಗೆ ಸೆನ್ಸರ್ ಕೆಡುತ್ತೆ, ಹಾಗಾಗಿ ಡಬ್ಬಿ ಹೊರಗಿರಬೇಕು. ಹೊರಗಿನ ಡಬ್ಬಿ ಬಾಗಿಲು ಹಾಕಿಕೊಂಡು ಒಳಗಿರುವವರನ್ನು ಕಾಯಲಾರದು. ಗೀಸರನ್ನೇ ಹಿತ್ತಲ ಗೋಡೆಗೋ ಬಯಲು ಯುಟಿಲಿಟಿಗೋ ಹಾಕಿ, ಪೈಪಿನಲ್ಲಿ ಬಿಸಿನೀರು ಮಾತ್ರ ಒಳಗೆ ಬರಲಿ. ನಮ್ಮೂರ ಕಡೆ ಇದಕ್ಕೆ ಹೇಳುವ ಉತ್ತರವೂ ಗೊತ್ತು: "ಏನೂ ಆಗಕ್ಕಿಲ್ಲ ಕಣಣ್ಣ, ಮೂರು ವರ್ಷದಿಂದ ಹಂಗೇ ಅದೆ." ಮೂರು ವರ್ಷ ಕಿಂಡಿ ತೆರೆದಿತ್ತು ಅಂತ ಅರ್ಥ, ಅಷ್ಟೇ.

ಮೂರನೇದು, ಅದು ಶಾಶ್ವತ ಅಲ್ಲ. ಒಳಗಿನ ಸೆನ್ಸರಿಗೆ ಸಾಮಾನ್ಯವಾಗಿ 5ರಿಂದ 10 ವರ್ಷ ಆಯಸ್ಸು, ಹಿಂದೆ ದಿನಾಂಕ ಬರೆದಿರುತ್ತೆ. ಟೆಸ್ಟ್ ಬಟನ್ ಒತ್ತಿದಾಗ ಕೂಗಿದರೆ ಬ್ಯಾಟರಿ, ಸರ್ಕ್ಯೂಟು, ಪೀಪಿ ಸರಿ ಇವೆ ಅಂತ ಮಾತ್ರ ಅರ್ಥ. ಸೆನ್ಸರ್ ಬದುಕಿದೆ ಅಂತ ಅಲ್ಲ. ನಿಮಿಷಕ್ಕೊಮ್ಮೆ 'ಚಿಕ್' ಅಂದರೆ ಸಾಮಾನ್ಯವಾಗಿ ಬ್ಯಾಟರಿ ಹೋಗಿದೆ ಅಥವಾ ಆಯಸ್ಸು ಮುಗಿದಿದೆ. ಜೋರಾಗಿ ನಾಲ್ಕು ಬೀಪ್, ನಿಲುಗಡೆ, ಮತ್ತೆ ನಾಲ್ಕು ಅಂದರೆ ಅದು ನಿಜವಾದ ಕೂಗು (ಕೈಪಿಡಿ ಒಮ್ಮೆ ನೋಡಿ, ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇರಬಹುದು). ನಮ್ಮ ಮನೆಗಳಿಗೇ ವಿಶೇಷವಾದ ಇನ್ನೊಂದು ಮಾತು: ಇನ್ವರ್ಟರ್ ಬ್ಯಾಟರಿ ಚಾರ್ಜ್ ಆಗುವಾಗ ಬರುವ ಜಲಜನಕಕ್ಕೂ ಈ ಡಬ್ಬಿ ಕೂಗಬಹುದು. ಅದರ ಪಕ್ಕ ಹಾಕಬೇಡಿ.

ಕೂಗಿದರೆ ಏನು ಮಾಡಬೇಕು? ಗಣಿಯವರು ಮಾಡಿದ್ದನ್ನೇ. ಹಕ್ಕಿ ಬಿದ್ದಾಗ ಅವರು ನಿಂತು ಚರ್ಚೆ ಮಾಡುತ್ತಿರಲಿಲ್ಲ, ಹಿಂದೆ ತಿರುಗಿ ನಡೆಯುತ್ತಿದ್ದರು. ಎಲ್ಲರೂ ಹೊರಗೆ, ದಾರಿಯಲ್ಲಿ ಸಿಕ್ಕ ಬಾಗಿಲು ತೆರೆದುಬಿಡಿ, ಮತ್ತೆ ಒಳಗೆ ಹೋಗಬೇಡಿ. ಯಾರಿಗಾದರೂ ತಲೆನೋವು, ವಾಂತಿ, ಮಂಪರು ಇದ್ದರೆ 108ಕ್ಕೆ ಕರೆ ಮಾಡಿ, 'ಗೀಸರ್ ಇತ್ತು', 'ಕೆಂಡ ಇತ್ತು' ಅಂತ ಡಾಕ್ಟರಿಗೆ ಬಾಯಿ ಬಿಟ್ಟು ಹೇಳಿ. ಕೊರೋನಾ ಕಾಲದಲ್ಲಿ ಬೆರಳಿಗೆ ಹಾಕಲು ತಂದ ಆಕ್ಸಿಮೀಟರನ್ನು ಮಾತ್ರ ಇಲ್ಲಿ ನಂಬಬೇಡಿ. ಅದಕ್ಕೆ ಆಮ್ಲಜನಕ ಹೊತ್ತ ರಕ್ತಕ್ಕೂ ಈ ವಿಷ ಹೊತ್ತ ರಕ್ತಕ್ಕೂ ವ್ಯತ್ಯಾಸ ಗೊತ್ತಾಗಲ್ಲ, ಸಾಯುತ್ತಿರುವವರಿಗೂ 98 ತೋರಿಸಬಹುದು. ಬರೀ ಗಾಳಿಯಲ್ಲಿ ರಕ್ತದಿಂದ ಈ ವಿಷ ಅರ್ಧ ಇಳಿಯಲು ನಾಲ್ಕೈದು ಗಂಟೆ ಬೇಕು. ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯೊಳಗೆ ಅಷ್ಟು ಇಳಿಯುತ್ತೆ. ಪಂಜರದ ಮೇಲಿನ ಆ ಪುಟ್ಟ ಸಿಲಿಂಡರ್ ಇದೇ ಕೆಲಸ ಮಾಡುತ್ತಿದ್ದದ್ದು.

ನಾವೆಲ್ಲ ಬೆಂಗಳೂರಲ್ಲೋ ಹೊರದೇಶದಲ್ಲೋ ಕೂತು ಊರಲ್ಲಿರೋ ಅಪ್ಪ ಅಮ್ಮನಿಗೆ ಸುಖವಾಗಿರಲಿ ಅಂತ ಗ್ಯಾಸ್ ಗೀಸರ್ ಹಾಕಿಸಿಕೊಡುವ ಮಂದಿ. ಸಂಕ್ರಾಂತಿಗೆ ಊರಿಗೆ ಹೋದಾಗ ಎಳ್ಳು ಬೆಲ್ಲ ತಿನ್ನೋ ಮುಂಚೆ ಒಂದು ಸಲ ಬಚ್ಚಲಿಗೆ ಹೋಗಿ ತಲೆಯೆತ್ತಿ ನೋಡಿ. ಗೀಸರ್ ಒಳಗಿದ್ದರೆ ಹೊರಗೆ ಹಾಕಿಸಿ. ಕಿಂಡಿಗೆ ಚಳಿ ಅಂತ ರಟ್ಟು ತುರುಕಿದ್ದರೆ ಕಿತ್ತುಹಾಕಿ. ಡಬ್ಬಿ ಆಮೇಲೆ ತನ್ನಿ.