ನೆಟ್‌ವರ್ಕ್ ಉಪಕರಣಗಳೂ ಅಧಿಕಾರದಾನವೂ

ಕೋಲಾರ ತಾಲ್ಲೂಕಿನ ನರಸಾಪುರವು ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹೆದ್ದಾರಿಯಲ್ಲಿ, ಹೊಸಕೋಟೆಗೂ ಕೋಲಾರಕ್ಕೂ ನಡುವೆ ಇರುವ ಹೋಬಳಿಯ ಊರು. ಮೈಸೂರು ಸಂಸ್ಥಾನದ ಕಾಲದಲ್ಲಿ ಇಂತಹ ಹೋಬಳಿಗಳ ಆಡಳಿತವು ಅಮಲ್ದಾರ, ಶೇಕದಾರ, ಪಟೇಲ, ಶಾನುಭೋಗ ಎಂಬ ಶ್ರೇಣಿಯಲ್ಲಿ ನಡೆಯುತ್ತಿದ್ದಿತು. ಲೆಕ್ಕವನ್ನು ಬರೆಯತಕ್ಕವನು ಶಾನುಭೋಗನೇ ಆದರೂ ಅದರಿಂದ ಅವನಿಗೆ ಅಮಲ್ದಾರನ ಅಧಿಕಾರವು ಬಂದಂತಾಗುತ್ತಿರಲಿಲ್ಲ. 1961ರ ಶಾಸನದಿಂದ ಗ್ರಾಮದ ಆ ವಂಶಪಾರಂಪರ್ಯದ ಹುದ್ದೆಗಳು ರದ್ದಾದುವು. ಅನಂತರ ‘ಭೂಮಿ’ ಯೋಜನೆಯ ಮೂಲಕ ಪಹಣಿಗಳು ಕಂಪ್ಯೂಟರನ್ನು ಸೇರಿದಾಗ, ದಾಖಲೆಯನ್ನು ಮುಟ್ಟುವ ನೌಕರನು ಬೆರಳಗುರುತನ್ನು ಕೊಟ್ಟೇ ಒಳಹೊಗಬೇಕೆಂಬ ಕಟ್ಟಳೆ ಏರ್ಪಟ್ಟಿತು. ಇಂದು ಅದೇ ನರಸಾಪುರದಲ್ಲಿ ಕೈಗಾರಿಕಾ ಪ್ರದೇಶವಿದೆ. ಹೋಂಡಾ ಸ್ಕೂಟರುಗಳೂ ಐಫೋನುಗಳೂ ಅಲ್ಲಿ ತಯಾರಾಗುತ್ತವೆ. ಯಂತ್ರಗಳು ಒಂದಕ್ಕೊಂದು ಜೋಡಿಸಲ್ಪಟ್ಟ ಇಂತಹ ಸ್ಥಳಗಳಲ್ಲಿ ಹಳೆಯ ಪ್ರಶ್ನೆಯೇ ಹೊಸ ವೇಷದಿಂದ ಬರುತ್ತದೆ: ಮೇಜಿನ ಮೇಲಣ ಕಂಪ್ಯೂಟರಿನಲ್ಲಿ ನೆಟ್‌ವರ್ಕನ್ನು ಪರೀಕ್ಷಿಸುವ ಉಪಕರಣಕ್ಕೆ ಎಷ್ಟು ಅಧಿಕಾರ ಬೇಕು?

ಮೀಮಾಂಸಾಶಾಸ್ತ್ರದ ಆರನೆಯ ಅಧ್ಯಾಯವು ಅಧಿಕಾರವಿಚಾರಕ್ಕೆ ಮೀಸಲಾದುದು. ಬಯಕೆ, ಸಾಮರ್ಥ್ಯ, ವಿದ್ಯೆ, ನಿಷೇಧವಿಲ್ಲದಿರುವಿಕೆ ಇವು ಕೂಡಿದಾಗಲೇ ಒಬ್ಬನು ಒಂದು ಕರ್ಮಕ್ಕೆ ಅಧಿಕಾರಿ. ಅಲ್ಲಿ ಗಮನಿಸಬೇಕಾದುದು, ಅಧಿಕಾರವು ಆಯಾ ಕರ್ಮವನ್ನು ಕುರಿತದ್ದೇ ಹೊರತು ಸರ್ವಕರ್ಮಗಳಿಗೂ ಒಟ್ಟಾಗಿ ಕೊಟ್ಟ ಸನ್ನದಲ್ಲ. ಕಂಪ್ಯೂಟರಿನ ನಿರ್ಮಾತೃಗಳು ಈ ಸೂಕ್ಷ್ಮಕ್ಕೆ ಬಂದು ಮುಟ್ಟುವುದಕ್ಕೆ ಹಲವು ದಶಕಗಳೇ ಹಿಡಿದುವು.

ಯುನಿಕ್ಸ್ ವ್ಯವಸ್ಥೆಯಲ್ಲಿ ‘ರೂಟ್’ ಎಂಬ ಒಬ್ಬನೇ ಸರ್ವಾಧಿಕಾರಿ. ಉಳಿದವರೆಲ್ಲರೂ ಸಾಮಾನ್ಯ ಪ್ರಜೆಗಳು. ಸಾಮಾನ್ಯನು ಒಂದು ಪ್ರೋಗ್ರಾಮನ್ನು ನಡೆಸಿದರೂ ಅದು ತನ್ನ ಒಡೆಯನ ಅಧಿಕಾರದಿಂದ ಕೆಲಸಮಾಡುವಂತೆ ಡೆನ್ನಿಸ್ ರಿಚಿ ಎಂಬ ವಿದ್ವಾಂಸನು ‘ಸೆಟ್‌ಯುಐಡಿ’ ಎಂಬ ಉಪಾಯವನ್ನು ಕಲ್ಪಿಸಿದನು. ಇದಕ್ಕೆ 1973ರಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ 1979ರಲ್ಲಿ ಪೇಟೆಂಟು ದೊರೆಯಿತು. ಆ ಅರ್ಜಿಯ ಹತ್ತು ವರ್ಷಗಳ ತರುವಾಯ, 1983ರ ಡಿಸೆಂಬರಿನಲ್ಲಿ, ಅಮೆರಿಕದ ಸೈನ್ಯದ ಬ್ಯಾಲಿಸ್ಟಿಕ್ ಸಂಶೋಧನಾಲಯದ ಮೈಕ್ ಮ್ಯೂಸ್‌ನು ದೂರದ ಯಂತ್ರವು ಓಗೊಡುವುದೋ ಇಲ್ಲವೋ ಎಂದು ಕೂಗಿನೋಡುವ ‘ಪಿಂಗ್’ ಉಪಕರಣವನ್ನು ರಚಿಸಿದನು. ಜಲಾಂತರ್ಗಾಮಿಗಳನ್ನು ಹುಡುಕುವ ಸೋನಾರಿನ ಧ್ವನಿಯೇ ಆ ಹೆಸರಿಗೆ ಮೂಲ. ತಮಾಷೆಯೆಂದರೆ, ಯಾವ ದೋಷವನ್ನು ಕಂಡುಹಿಡಿಯಲು ಅವನು ರಾತ್ರಿಯೆಲ್ಲ ದುಡಿದನೋ ಆ ದೋಷವು ಮೊದಲ ಪಿಂಗ್ ಹೊರಡುವುದಕ್ಕೆ ಮುಂಚೆಯೇ ಸರಿಹೋಗಿದ್ದಿತು.

ಪಿಂಗಿಗೆ ವಿಶೇಷಾಧಿಕಾರವೇತಕ್ಕೆ? ಅಂಚೆಯ ದೃಷ್ಟಾಂತದಿಂದ ಇದು ವಿಶದವಾಗುವುದು. ಅಂಚೆಪೆಟ್ಟಿಗೆಗೆ ಕಾಗದವನ್ನು ಯಾರು ಬೇಕಾದರೂ ಹಾಕಬಹುದು. ಆದರೆ ಅಂಚೆಯ ಚೀಲವನ್ನೇ ಬಿಚ್ಚಿ, ತನಗೆ ತೋರಿದ ಮುದ್ರೆಯನ್ನು ಹಾಕಿ, ಕಳುಹಿಸಿದವನ ಹೆಸರನ್ನೂ ಬದಲಾಯಿಸುವ ಅವಕಾಶವು ಎಲ್ಲರಿಗೂ ದೊರೆತರೆ ಅನರ್ಥವಾಗುತ್ತದೆ. ‘ರಾ ಸಾಕೆಟ್’ ಎಂಬ ದ್ವಾರವು ಅಂತಹದು. ಪಿಂಗಿಗೆ ಆ ದ್ವಾರವು ಬೇಕಾದುದರಿಂದ ಅದನ್ನು ರೂಟಿನ ಸೆಟ್‌ಯುಐಡಿಯಾಗಿ ಇರಿಸಿದರು. ಕೂಗುವ ಕೆಲಸಕ್ಕಾಗಿ ಡಂಗುರದವನ ಕೈಗೆ ರಾಜಮುದ್ರೆಯನ್ನೇ ಕೊಟ್ಟಂತಾಯಿತು! ಒಳ್ಳೆಯ ಪ್ರೋಗ್ರಾಮುಗಳು ದ್ವಾರವು ತೆರೆದೊಡನೆ ಮುದ್ರೆಯನ್ನು ಹಿಂದಿರುಗಿಸುತ್ತಿದ್ದುವು. ಎಲ್ಲವೂ ಹಾಗೆ ಮಾಡುತ್ತಿದ್ದುವೆಂದು ಹೇಳಲಾಗದು.

1980ರ ಸುಮಾರಿಗೆ ನ್ಯೂಯಾರ್ಕ್ ಪ್ರಾಂತದ ಬಫಲೋ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಸುಡೋ’ ಇನ್ನೊಂದು ಮಾರ್ಗವನ್ನು ಹಿಡಿಯಿತು. ಯಾವನು ಯಾವ ಆಜ್ಞೆಯನ್ನು ನಡೆಸಬಹುದೆಂಬ ಪಟ್ಟಿಯನ್ನು ಬರೆದಿಡಲು ಅದರಲ್ಲಿ ಅವಕಾಶವಿದೆ. ಆದರೆ ಮನೆಯ ಕಂಪ್ಯೂಟರುಗಳಲ್ಲಿ ಆ ಪಟ್ಟಿಯು ಸಾಮಾನ್ಯವಾಗಿ ‘ಎಲ್ಲವನ್ನೂ’ ಎಂಬ ಒಂದೇ ಮಾತಿಗೆ ಇಳಿದುಹೋಗಿದೆ. ಕೆಲಸ ನಡೆಯದಿದ್ದರೆ ಮುಂದೆ ಸುಡೋ ಎಂದು ಸೇರಿಸಿ ಮತ್ತೆ ನಡೆಸುವ ಅಭ್ಯಾಸವು ಈಗಲೂ ಪ್ರಬಲವಾಗಿದೆ. ಕಾರಣವನ್ನು ಹುಡುಕುವವರು ವಿರಳ. ಕಾವಲುಗಾರನೇ ನಿರ್ದೋಷಿಯಲ್ಲವೆಂಬುದು 2021ರ ಜನವರಿಯಲ್ಲಿ ಬಯಲಾಯಿತು. ಸುಮಾರು ಹತ್ತು ವರ್ಷ ಅಡಗಿದ್ದ ಒಂದು ದೋಷದಿಂದ ಪಟ್ಟಿಯಲ್ಲಿ ಹೆಸರೇ ಇಲ್ಲದವನೂ ರೂಟ್ ಆಗಬಹುದಾಗಿದ್ದಿತು.

ವಿಂಡೋಸಿನ ಕಥೆಯು ವಿಲಕ್ಷಣವಾದುದು. ಅಲ್ಲಿ ಪಿಂಗಿಗೆ ಬೇಕಾದ ಸೇವೆಯನ್ನು ವ್ಯವಸ್ಥೆಯೇ ಬೇರೆಯಾಗಿ ಒದಗಿಸಿರುವುದರಿಂದ ಸಾಮಾನ್ಯನೂ ಪಿಂಗ್ ಮಾಡಬಲ್ಲನು. ಆದರೆ ಎಕ್ಸ್‌ಪಿ ಕಾಲದಲ್ಲಿ ಮನೆಗಳ ಬಳಕೆದಾರರು ಬಹುಮಟ್ಟಿಗೆ ಎಲ್ಲರೂ ಅಡ್ಮಿನಿಸ್ಟ್ರೇಟರುಗಳೇ. ಆದಕಾರಣ ರಾ ಸಾಕೆಟ್ಟಿಗೆ ಹಾಕಿದ್ದ ಬೀಗವಿದ್ದೂ ಇಲ್ಲದಂತಿದ್ದಿತು. 2004ರ ಎರಡನೆಯ ಸರ್ವಿಸ್ ಪ್ಯಾಕಿನಲ್ಲಿ ಆ ದ್ವಾರದಿಂದ ಟಿಸಿಪಿ ಸಂದೇಶಗಳನ್ನು ಕಳುಹಿಸುವುದನ್ನೇ ನಿಲ್ಲಿಸಿದರು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ತಾದಿಂದ ಈಚೆಗೆ ಅಡ್ಮಿನಿಸ್ಟ್ರೇಟರನೂ ಸಹ ಪ್ರತಿಬಾರಿಯೂ ಒಪ್ಪಿಗೆಯನ್ನು ಕೊಟ್ಟೇ ಮೇಲೇರಬೇಕಾಯಿತು. ಜನರು ಗೊಣಗಿದರು, ಓದದೆಯೇ ಒಪ್ಪಿಗೆಯನ್ನೊತ್ತುವುದನ್ನೂ ಕಲಿತರು.

ಸರ್ವಾಧಿಕಾರವನ್ನು ಸಣ್ಣ ಸಣ್ಣ ಅಧಿಕಾರಗಳಾಗಿ ಒಡೆದುದೇ ಈ ಇತಿಹಾಸದಲ್ಲಿ ಮುಖ್ಯವಾದ ತಿರುವು. 1999ರ ಲಿನಕ್ಸ್ 2.2ರಲ್ಲಿ ಇದು ಮೊದಲಾಯಿತು, 2008ರಲ್ಲಿ ಒಂದೊಂದು ಪ್ರೋಗ್ರಾಮಿನ ಕಡತಕ್ಕೇ ಅಧಿಕಾರವನ್ನು ಅಂಟಿಸುವ ಸೌಕರ್ಯ ಬಂದಿತು, 2011ರ 3.0ರಲ್ಲಿ ವಿಶೇಷಾಧಿಕಾರವೇ ಇಲ್ಲದೆ ಪಿಂಗ್ ನಡೆಯುವ ದಾರಿಯನ್ನು ಮಾಡಿಕೊಟ್ಟರು. ಜಾಲದಲ್ಲಿ ಹರಿಯುವ ಸಂದೇಶಗಳನ್ನು ಓದುವ ‘ವೈರ್‌ಶಾರ್ಕ್’ ಇದಕ್ಕೆ ಅತ್ಯುತ್ತಮ ನಿದರ್ಶನ. ಅಪರಿಚಿತರಿಂದ ಬರುವ ನೂರಾರು ಬಗೆಯ ಸಂದೇಶಗಳನ್ನು ಬಿಡಿಸಿ ಅರ್ಥಮಾಡುವ ಭಾಗವು ಅದರಲ್ಲಿ ಬಹು ದೊಡ್ಡದು. ದೊಡ್ಡದಾದುದರಿಂದಲೇ ದೋಷಗಳಿಗೂ ಎಡೆ ಹೆಚ್ಚು. ಆದುದರಿಂದ ಸಂದೇಶಗಳನ್ನು ಹಿಡಿಯುವ ‘ಡಂಪ್‌ಕ್ಯಾಪ್’ ಎಂಬ ಚಿಕ್ಕ ಭಾಗಕ್ಕೆ ಮಾತ್ರ ಅಧಿಕಾರವನ್ನು ಕೊಟ್ಟು, ಅರ್ಥಮಾಡುವ ಭಾಗವನ್ನು ಸಾಮಾನ್ಯನನ್ನಾಗಿಯೇ ಇರಿಸಿದ್ದಾರೆ. ಸುಡೋ ಹಚ್ಚಿ ವೈರ್‌ಶಾರ್ಕನ್ನು ತೆರೆಯುವವನು ಈ ವಿವೇಕವನ್ನೆಲ್ಲ ಮಣ್ಣುಗೂಡಿಸುತ್ತಾನೆ. ಈ ಭಯವು ಕಾಲ್ಪನಿಕವಲ್ಲ: 2022ರ ನವೆಂಬರಿನಲ್ಲಿ ಫ್ರೀಬಿಎಸ್‌ಡಿಯ ಪಿಂಗಿನಲ್ಲಿಯೇ, ಬಂದ ಉತ್ತರವನ್ನು ಓದುವ ಭಾಗದಲ್ಲಿ, ದೋಷವು ಸಿಕ್ಕಿತು. ಆ ಪ್ರೋಗ್ರಾಮು ಕಟ್ಟುಪಾಡಿನ ಆವರಣದೊಳಗೆ ನಡೆಯುತ್ತಿದ್ದುದರಿಂದ ಅಪಾಯವು ಬಹಳಮಟ್ಟಿಗೆ ಕುಗ್ಗಿತು.

1997ರಲ್ಲಿ ಪ್ರಕಟವಾದ ‘ಎನ್‌ಮ್ಯಾಪ್’ ಅಧಿಕಾರಿಯಲ್ಲದವನನ್ನೂ ಬರಿಗೈಯಲ್ಲಿ ಕಳುಹಿಸುವುದಿಲ್ಲ. ರೂಟಿಗೆ ಅರ್ಧದಲ್ಲಿಯೇ ನಿಲ್ಲಿಸುವ ಶೋಧನೆ. ಸಾಮಾನ್ಯನಿಗೆ ಸಂಪರ್ಕವನ್ನು ಪೂರ್ಣಗೊಳಿಸುವ ಶೋಧನೆ. ಬಾಗಿಲು ತೆರೆದಿದೆಯೇ ಎಂದು ತಿಳಿಯಲು ಅನೇಕ ವೇಳೆ ಎರಡನೆಯದೇ ಸಾಕು.

ಆದರೆ ಮೇಲೆ ಹೇಳಿದ ನಾಲ್ಕು ಅಂಗಗಳಲ್ಲಿ ಯಂತ್ರವು ಕೊಡತಕ್ಕುದು ಸಾಮರ್ಥ್ಯವನ್ನು ಮಾತ್ರ. ನಿಷೇಧವಿದೆಯೋ ಇಲ್ಲವೋ ಎಂಬುದನ್ನು ನಿರ್ಣಯಿಸುವುದು ರಾಜಶಾಸನ. ತನ್ನ ಕಂಪ್ಯೂಟರಿನಲ್ಲಿ ರೂಟ್ ಆದವನು ನೆರೆಯ ಕಾರ್ಖಾನೆಯ ಜಾಲಕ್ಕೆ ಅಧಿಕಾರಿಯಾಗನು. ಯಜಮಾನನ ಅನುಮತಿಯಿಲ್ಲದೆ ಪರರ ಕಂಪ್ಯೂಟರನ್ನೋ ಜಾಲವನ್ನೋ ಪ್ರವೇಶಿಸಿದವನು 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 43ನೆಯ ಪ್ರಕರಣದಂತೆ ನಷ್ಟಪರಿಹಾರಕ್ಕೆ ಬಾಧ್ಯನು. ಅದನ್ನೇ ವಂಚನೆಯ ಬುದ್ಧಿಯಿಂದ ಮಾಡಿದರೆ 66ನೆಯ ಪ್ರಕರಣದಂತೆ 3 ವರ್ಷಗಳವರೆಗೆ ಸೆರೆ, ಇಲ್ಲವೆ 5 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ, ಇಲ್ಲವೆ ಎರಡೂ ವಿಧಿಸಲ್ಪಡಬಹುದು.