ಬೇಹು

ಹೈದರಾಬಾದಿನ ನಾಚಾರಂನಲ್ಲಿ ಬೆಳೆದ ಕನ್ನಡ ಮಕ್ಕಳಿಗೆ ತೆಲುಗಿನ ‘ವೇಗು’ ಹೊಸ ಪದವೇನಲ್ಲ. ಗೂಢಚಾರನಿಗೆ ಅಲ್ಲಿ ವೇಗುಲವಾಡು ಎನ್ನುತ್ತಾರೆ, ನಾವು ಬೇಹುಗಾರ ಎನ್ನುತ್ತೇವೆ. ತಮಿಳಿನಲ್ಲಿ ಅದೇ ವೇವು. ಅಕ್ಕಪಕ್ಕದ ಭಾಷೆಗಳಲ್ಲಿ ಪದದ ಮೊದಲಿಗೆ ‘ವ’ ಇರುವ ಕಡೆ ಕನ್ನಡಕ್ಕೆ ‘ಬ’ ಬರುವುದು ವಾಡಿಕೆ: ತೆಲುಗಿನ ವೇರು ನಮ್ಮ ಬೇರು, ವಿಲ್ಲು ಬಿಲ್ಲು, ವೇಟ ಬೇಟೆ.

ರಾಜರ ಕಾಲದ ಪದವೆಂದು ‘ಬೇಹು’ವನ್ನು ಅಟ್ಟಕ್ಕೆ ಹಾಕಬೇಕಿಲ್ಲ; ಇಂದಿನ ಆಟಗಳಲ್ಲೂ ಅದಕ್ಕೆ ಕೆಲಸವಿದೆ. ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಕೋಚ್‌ಗಳು ಮೈದಾನದ ಅಂಚಿನಿಂದ ಕೈಸನ್ನೆ, ಚಿತ್ರಫಲಕಗಳಲ್ಲೂ ಮುಂದಿನ ನಡೆ ತಿಳಿಸುತ್ತಾರೆ. ಪಂದ್ಯದ ನಡುವೆ ಎದುರಾಳಿಗಳು ಅದನ್ನು ಬರಿಗಣ್ಣಲ್ಲಿ ಓದಿಕೊಂಡರೆ ತಪ್ಪಿಲ್ಲ. ಆದರೆ ಅದೇ ಋತುವಿನಲ್ಲಿ ಎದುರಾಗಲಿರುವ ತಂಡದ ಆಟಕ್ಕೆ ಮೊದಲೇ ಹೋಗಿ ನೋಡಿಬರುವುದಕ್ಕೆ 1994ರಿಂದ ನಿಷೇಧವಿದೆ. 2023ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ತಂಡದ ಮೇಲೆ ಬಂದ ಆರೋಪ ಇದೇ. ಕೋಚ್ ಜಿಮ್ ಹಾರ್ಬಾ ಆ ನವೆಂಬರಿನಲ್ಲಿ ಮೂರು ಪಂದ್ಯಗಳಿಂದ ಹೊರಗುಳಿಯಬೇಕಾಯಿತು. ಸುದ್ದಿಯಲ್ಲಿ ಅದು ‘ಸನ್ನೆ ಕಳವು’ ಎಂದೇ ಹರಡಿತು. ಆದರೆ ನಿಯಮ ಮುರಿದ ಕೆಲಸಕ್ಕೆ ಸರಿಯಾದ ಹೆಸರು ಬೇಹು. ನಮ್ಮ ಕ್ರೀಡಾಪುಟಗಳು ಇಂಥ ಕಡೆ ಆ ಪದವನ್ನೇ ಧೈರ್ಯವಾಗಿ ಬಳಸಲಿ.